ಮೊದಲ ವರ್ಷದ ಎಚ್ಚರ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಎಡೆಯಲ್ಲಿ ನಾಯಂಡಹಳ್ಳಿ ಇದೆ. ಹೆಸರಿನಲ್ಲಷ್ಟೇ ಹಳ್ಳಿಯಾಗಿ ಉಳಿದಿರುವ ಈ ಊರಿನ ಮಗ್ಗುಲಲ್ಲಿ ವೃಷಭಾವತಿ ಹರಿಯುತ್ತದೆ. ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ರೈಲು ಓಡುತ್ತದೆ. 2021ರ ಆಗಸ್ಟಿನಲ್ಲಿ ಆ ರೈಲು ಕೆಂಗೇರಿಯವರೆಗೆ ಬಂದಂದಿನಿಂದ ಈ ಭಾಗದ ಹುಡುಗರಿಗೆ ಒಂದು ಅನುಕೂಲವಾಗಿದೆ. ನಾಯಂಡಹಳ್ಳಿಯಲ್ಲಿ ಗಾಡಿ ಹತ್ತಿದರೆ ನಡುವೆ ಎಲ್ಲಿಯೂ ಇಳಿದು ಬದಲಾಯಿಸದೆ ಕಬ್ಬನ್ ಪಾರ್ಕ್ ನಿಲ್ದಾಣವನ್ನು ತಲಪಬಹುದು. ಅಲ್ಲಿಂದ ಕಂಠೀರವ ಕ್ರೀಡಾಂಗಣ ನಡೆದು ಹೋಗುವಷ್ಟೇ ದೂರ. ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಪಂದ್ಯವಿರುವ ಸಂಜೆ ನೀಲಿ ಅಂಗಿ ತೊಟ್ಟ ಹುಡುಗರು ಅತ್ತಿಗುಪ್ಪೆಯಲ್ಲಿಯೂ ವಿಜಯನಗರದಲ್ಲಿಯೂ ಆ ಗಾಡಿಯನ್ನು ಏರುವುದನ್ನು ಕಾಣಬಹುದು.

ಫುಟ್‌ಬಾಲು ಈ ಭಾಗಕ್ಕೆ ಹುಟ್ಟಿನಿಂದ ಬಂದ ಆಟವಲ್ಲ. ನಗರದ ಪೂರ್ವಕ್ಕಿರುವ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನಿಕರು ಆಡುತ್ತಿದ್ದುದನ್ನು ನೋಡಿ ನೋಡಿ ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರಗಳ ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. ಆ ಓಣಿಗಳಲ್ಲಿ ಚೆಂಡಿನೊಡನೆ ಬೆಳೆದವರ ಬಲದಿಂದಲೇ ಮೈಸೂರು ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅನಂತರ 54 ವರ್ಷ ಕಾದು, 2023ರ ಮಾರ್ಚ್ 4ರಂದು ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2 ಗೋಲುಗಳಿಂದ ಸೋಲಿಸಿ ಕರ್ನಾಟಕವು ಅದನ್ನು ಮರಳಿ ಪಡೆಯಿತು. ಪಶ್ಚಿಮದ ಬಡಾವಣೆಗಳಲ್ಲಾದರೋ ಕಬಡ್ಡಿ, ಖೋ ಖೋ, ವಾಲಿಬಾಲುಗಳದೇ ಭರಾಟೆ. ಎಲ್ಲಕ್ಕೂ ಮೇಲೆ ಕ್ರಿಕೆಟ್ಟಿನ ಹುಚ್ಚು. ಈಗ ಕಾಲ ಬದಲಾಗುತ್ತಿದೆ. ನಾಯಂಡಹಳ್ಳಿಗೆ ಸಮೀಪದಲ್ಲಿಯೇ, ಜ್ಞಾನಭಾರತಿಯ ಆವರಣದಲ್ಲಿ, ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಆಯ್ದ ಕ್ರೀಡಾಪಟುಗಳು ಅಭ್ಯಾಸ ಮಾಡುವ ಆ ದಾರಿಯಲ್ಲಿ ದಿನವೂ ಶಾಲೆಗೆ ಹೋಗಿಬರುವ ಹುಡುಗನೊಬ್ಬನು, ತಾನೂ ಒಂದು ದಿನ ದೊಡ್ಡ ಕ್ಲಬ್ಬಿನ ಅಂಗಿಯನ್ನು ತೊಡಬೇಕೆಂದು ಬಯಸಿದರೆ ಆಶ್ಚರ್ಯವೇನೂ ಇಲ್ಲ.

ಅಂತಹ ಹುಡುಗರಲ್ಲಿ ಒಬ್ಬನಿಗೆ ಆ ಬಯಕೆ ಕೈಗೂಡಿತೆಂದೇ ಭಾವಿಸೋಣ. ಅವನಿಗೆ ಹದಿನೆಂಟು ವರ್ಷ. ಕ್ಲಬ್ಬಿನವರು ಅವನೊಡನೆ ಕರಾರು ಮಾಡಿಕೊಂಡರು. ಪತ್ರಿಕೆಯ ಮೂಲೆಯಲ್ಲಿ ಭಾವಚಿತ್ರ ಬಂತು. ತಾಯಿ ಬೀದಿಗೆಲ್ಲ ಸಿಹಿ ಹಂಚಿದಳು. ಋತು ಆರಂಭವಾಯಿತು. ಮೊದಲ ಪಂದ್ಯದಲ್ಲಿ ಅವನು ಬೆಂಚಿನ ಮೇಲೆ ಕುಳಿತನು. ಎರಡನೆಯದರಲ್ಲಿಯೂ ಹಾಗೆಯೇ. ಮೂರನೆಯದರಲ್ಲಿ ಕೊನೆಯ ಆರು ನಿಮಿಷ ಮೈದಾನಕ್ಕಿಳಿದು, ಚೆಂಡನ್ನು ಎರಡು ಸಲ ಮುಟ್ಟಿ ಹೊರಬಂದನು. ನೀರಿನ ಕೊಳಾಯಿಯ ಬಳಿ ನೆರೆಯಾಕೆ ಕೇಳುತ್ತಾಳೆ: “ಏನಮ್ಮಾ, ನಿನ್ನೇನೂ ನಿಮ್ಮ ಹುಡುಗನ್ನ ಇಳಿಸಲೇ ಇಲ್ವಲ್ಲ?” ಆ ಪ್ರಶ್ನೆಯಲ್ಲಿ ಕೆಡುಕಿನ ಬುದ್ಧಿ ಇಲ್ಲ. ಆದರೆ ತಾಯಿಯ ಮುಖ ಬಾಡುತ್ತದೆ. ಮನೆಗೆ ಬಂದ ಮಗನು ಆ ಮುಖವನ್ನು ನೋಡುತ್ತಾನೆ. ಮುಂದಿನ ಪಂದ್ಯದಲ್ಲಿ ಸಿಗುವ ಆರು ನಿಮಿಷವನ್ನು ಅವನು ಹೇಗೆ ಆಡುವನೆಂಬುದು ಅಲ್ಲಿಯೇ ಅರ್ಧ ತೀರ್ಮಾನವಾಗಿ ಹೋಗುತ್ತದೆ.

ಇಂತಹ ಹುಡುಗನಿಗೆ ಹಿರಿಯರು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ತಾಳಿದವನು ಬಾಳಿಯಾನು. ಗಾದೆ ಸುಳ್ಳಲ್ಲ. ಆದರೆ ಗಾದೆಯನ್ನು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಯಾರು ತಾಳಬೇಕು, ಎಷ್ಟು ಕಾಲ ತಾಳಬೇಕು, ತಾಳುವಾಗ ಏನು ಮಾಡುತ್ತಿರಬೇಕು ಎಂಬುದನ್ನು ವಿಚಾರಿಸುವುದು ಕಷ್ಟ. ಮೊದಲ ವರ್ಷದಲ್ಲಿ ಎಚ್ಚರ ಬೇಕೆಂಬುದು ನಿರ್ವಿವಾದ. ಆ ಎಚ್ಚರ ಯಾರಲ್ಲಿರಬೇಕೆಂಬುದೇ ಪ್ರಶ್ನೆ. ಅದು ಆಡಿಸುವವರಲ್ಲಿರಬೇಕು, ನೋಡುವವರಲ್ಲಿರಬೇಕು. ಆಡುವ ಹುಡುಗನ ಕಾಲಿಗೆ ಅದು ಇಳಿಯಬಾರದು. ಈ ವ್ಯತ್ಯಾಸವನ್ನು ಮರೆತುದರಿಂದಲೇ ಎಷ್ಟೋ ಒಳ್ಳೆಯ ಆಟಗಾರರು ಇಪ್ಪತ್ತೆರಡನೆಯ ವಯಸ್ಸಿಗೇ ಹಳಬರಾಗಿಬಿಟ್ಟಿದ್ದಾರೆ.

ಆಡಿಸುವವರು ಏಕೆ ಎಚ್ಚರ ವಹಿಸಬೇಕು? ಮೊದಲನೆಯ ಕಾರಣ ದೇಹದ್ದು. ತೊಂಬತ್ತು ನಿಮಿಷದ ಒಂದು ಪಂದ್ಯದಲ್ಲಿ ದೊಡ್ಡ ಮಟ್ಟದ ಆಟಗಾರನು ಸುಮಾರು ಹತ್ತು ಕಿಲೋಮೀಟರು ಓಡುತ್ತಾನೆ. ಅದು ದಾರಿಯ ಮೇಲಿನ ನೇರ ಓಟವಲ್ಲ. ನಿಲ್ಲುವುದು, ತಿರುಗುವುದು, ಜಿಗಿಯುವುದು, ತನಗಿಂತ ಹತ್ತು ವರ್ಷ ಹಿರಿಯನಾದವನ ಭುಜದ ಹೊಡೆತವನ್ನು ತಡೆದುಕೊಳ್ಳುವುದು ಎಲ್ಲವೂ ಅದರಲ್ಲಿ ಸೇರಿವೆ. ಹದಿನೆಂಟರ ಹರೆಯದಲ್ಲಿ ಹುಮ್ಮಸ್ಸು ಪೂರ್ಣವಾಗಿರುತ್ತದೆ, ಸ್ನಾಯುಗಳು ಇನ್ನೂ ಬಲಿಯುತ್ತಿರುತ್ತವೆ. ಹುಮ್ಮಸ್ಸನ್ನು ನಂಬಿ ಸ್ನಾಯುವನ್ನು ದುಡಿಸಿದರೆ ಮೊಣಕಾಲು ಹೋಗುತ್ತದೆ. ಎರಡನೆಯ ಕಾರಣ ಮನಸ್ಸಿನದು. ಅದನ್ನು ಬೆಂಗಳೂರಿನದೇ ಒಂದು ಉದಾಹರಣೆಯಿಂದ ನೋಡಬಹುದು.

2024ರ ಸೆಪ್ಟೆಂಬರ್ 14ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡಕ್ಕೂ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೂ ಪಂದ್ಯ ನಡೆಯಿತು. ಇಂಡಿಯನ್ ಸೂಪರ್ ಲೀಗಿನ ಆ ಋತುವಿನಲ್ಲಿ ಬೆಂಗಳೂರಿನ ಮೊದಲ ಪಂದ್ಯವದು. ವಿನೀತ್ ವೆಂಕಟೇಶ್ ಎಂಬ ಹತ್ತೊಂಬತ್ತರ ತರುಣನು ಆ ಲೀಗಿನಲ್ಲಿ ಆಡಿದ ಮೊದಲ ಪಂದ್ಯವೂ ಅದೇ. ಇಪ್ಪತ್ತೈದನೆಯ ನಿಮಿಷದಲ್ಲಿ ಅವನು ಹೊಡೆದ ಗೋಲೇ ಆ ದಿನದ ಏಕೈಕ ಗೋಲಾಯಿತು, ಬೆಂಗಳೂರು ಗೆದ್ದಿತು. ಕ್ಲಬ್ಬಿನ ಕಿರಿಯರ ತಂಡದಿಂದ ಮೇಲೇರಿ ಬಂದವನೊಬ್ಬನು ತವರಿನ ಪ್ರೇಕ್ಷಕರ ಮುಂದೆ ಹೀಗೆ ಆರಂಭ ಮಾಡುವುದಕ್ಕಿಂತ ಹೆಚ್ಚಿನ ಭಾಗ್ಯ ಯಾವುದಿದೆ? ಆದರೆ ಅಪಾಯವೂ ಅಂತಹ ದಿನದ ಹೆಗಲೇರಿಯೇ ಬರುತ್ತದೆ. ಮೊದಲ ದಿನ ಗೋಲು ಹೊಡೆದವನು ಎರಡನೆಯ ದಿನವೂ ಹೊಡೆಯಬೇಕೆಂದು ಊರು ಬಯಸುತ್ತದೆ. ಹೊಡೆಯದಿದ್ದರೆ ಮೊದಲನೆಯದು ಅದೃಷ್ಟವೆಂದು ಅದೇ ಊರು ಹೇಳುತ್ತದೆ.

ಆ ಋತುವಿನಲ್ಲಿ ಬೆಂಗಳೂರು ತಂಡಕ್ಕೆ ಗೋಲು ತರುವ ಭಾರ ಆ ಹುಡುಗನ ಮೇಲೆ ಬೀಳಲಿಲ್ಲ. ಅದನ್ನು ಹೊತ್ತವರು ಅದಾಗಲೇ ನಲವತ್ತು ತುಂಬಿದ್ದ ಸುನಿಲ್ ಛೆಟ್ರಿಯವರು. ಅವರು ಲೀಗಿನಲ್ಲಿ 14 ಗೋಲುಗಳನ್ನು ಹೊಡೆದು, ಆ ವರ್ಷ ಭಾರತೀಯ ಆಟಗಾರರಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ತಂಡವು ಅಂತಿಮ ಪಂದ್ಯವನ್ನು ತಲಪಿ, 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಹೆಚ್ಚುವರಿ ಸಮಯದ ಆಟದಲ್ಲಿ ಮೋಹನ್ ಬಾಗಾನಿಗೆ 1–2ರಿಂದ ಸೋತಿತು. ಮನೆಯಲ್ಲಿ ಹಿರಿಯನು ದುಡಿಯುತ್ತಿರುವಾಗ ಕಿರಿಯನು ಕಲಿಯುವುದಕ್ಕೆ ಬಿಡುವು ಸಿಗುತ್ತದೆ. ನಲವತ್ತರ ಆಟಗಾರನನ್ನು ಇನ್ನೂ ಆಡಿಸುತ್ತಿರುವುದೇಕೆ, ಎಳೆಯರಿಗೆ ದಾರಿ ಬಿಡಬಾರದೇ ಎಂದು ಕೇಳುವವರುಂಟು. ಆ ಪ್ರಶ್ನೆಗೆ ಅರ್ಥವಿಲ್ಲದಿಲ್ಲ. ಆದರೂ ಎಳೆಯರ ದಾರಿಯಲ್ಲಿ ಹಿರಿಯನು ಅಡ್ಡ ನಿಂತಿದ್ದಾನೆಯೋ, ಮಳೆಗೆ ಛತ್ರಿ ಹಿಡಿದು ನಿಂತಿದ್ದಾನೆಯೋ ಎಂಬುದನ್ನು ಪ್ರತಿಯೊಂದು ಸಂದರ್ಭದಲ್ಲಿಯೂ ಬೇರೆಬೇರೆಯಾಗಿಯೇ ನೋಡಬೇಕಾಗುತ್ತದೆ.

ಆಡಿಸುವವರ ಎಚ್ಚರವೆಂದರೇನು, ಆಡುವವನ ಧೈರ್ಯವೆಂದರೇನು ಎಂಬುದನ್ನು ಒಟ್ಟಿಗೇ ತೋರುವ ಉದಾಹರಣೆ ಸ್ಪೇನ್ ದೇಶದ ಬಾರ್ಸಿಲೋನಾ ಕ್ಲಬ್ಬಿನಲ್ಲಿ ಸಿಗುತ್ತದೆ. ಅರ್ಜೆಂಟೀನಾದಿಂದ ಬಾಲ್ಯದಲ್ಲಿಯೇ ಅಲ್ಲಿಗೆ ಬಂದಿದ್ದ ಲಿಯೊನೆಲ್ ಮೆಸ್ಸಿ 2004ರ ಅಕ್ಟೋಬರ್ 16ರಂದು ಲೀಗಿನಲ್ಲಿ ಮೊದಲ ಸಲ ಕ್ಲಬ್ಬಿನ ಪರವಾಗಿ ಆಡಿದನು. ಅವನಿಗೆ ಆಗ ಹದಿನೇಳು ವರ್ಷ. ಅವನು ಮೈದಾನಕ್ಕಿಳಿದುದು ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಾಗ. ಆ ಇಡೀ ಋತುವಿನಲ್ಲಿ ಲೀಗಿನಲ್ಲಿ ಅವನಿಗೆ ದೊರೆತುದು ಏಳು ಪಂದ್ಯಗಳು ಮಾತ್ರ. ಅವುಗಳಲ್ಲಿಯೂ ಕೊನೆಕೊನೆಯ ನಿಮಿಷಗಳೇ ಹೆಚ್ಚು. ತರಬೇತುದಾರ ಫ್ರಾಂಕ್ ರೈಕಾರ್ಡ್ ಆ ಹುಡುಗನ ಶಕ್ತಿಯನ್ನು ಅರಿಯದವನಲ್ಲ. ಅರಿತೇ ಅಳೆದು ಅಳೆದು ಬಳಸುತ್ತಿದ್ದನು.

2005ರ ಮೇ 1ರಂದು ಅಲ್ಬಸೆಟೆ ತಂಡದ ಎದುರು ಮೆಸ್ಸಿ ಮತ್ತೆ ಕೊನೆಯ ಗಳಿಗೆಯಲ್ಲಿ ಇಳಿದನು. ರೊನಾಲ್ಡಿನೋ ಎಂಬ ಬ್ರೆಜಿಲಿನ ಖ್ಯಾತ ಆಟಗಾರನು ರಕ್ಷಣೆಯ ಸಾಲಿನ ಮೇಲಿಂದ ಚೆಂಡನ್ನು ಎತ್ತಿ ಕೊಟ್ಟನು. ಹುಡುಗನು ಅದನ್ನು ಗೋಲುರಕ್ಷಕನ ತಲೆಯ ಮೇಲಿಂದ ಮೆಲ್ಲಗೆ ಹಾರಿಸಿ ಬಲೆಗೆ ಬೀಳಿಸಿದನು. ಆಫ್‌ಸೈಡ್ ಎಂದು ಆ ಗೋಲನ್ನು ತಳ್ಳಿಹಾಕಲಾಯಿತು. ಮೊದಲ ವರ್ಷದ ಬೇರೊಬ್ಬ ಹುಡುಗನಾಗಿದ್ದರೆ ತಲೆ ತಗ್ಗಿಸಿ, ಉಳಿದ ನಿಮಿಷಗಳಲ್ಲಿ ತಪ್ಪಾಗದಿದ್ದರೆ ಸಾಕೆಂದು ಆಡುತ್ತಿದ್ದನು. ಸ್ವಲ್ಪ ಹೊತ್ತಿಗೆ ಅದೇ ರೊನಾಲ್ಡಿನೋ ಅಂತಹುದೇ ಚೆಂಡನ್ನು ಮತ್ತೊಮ್ಮೆ ಕೊಟ್ಟನು. ಮೆಸ್ಸಿ ಅದೇ ಹೊಡೆತವನ್ನು, ಅದೇ ರೀತಿಯಲ್ಲಿ, ಮತ್ತೊಮ್ಮೆ ಹೊಡೆದನು. ಈ ಸಲ ಗೋಲು ನಿಂತಿತು. ಬಾರ್ಸಿಲೋನಾ ಪರವಾಗಿ ಲೀಗಿನಲ್ಲಿ ಅವನ ಮೊದಲ ಗೋಲದು. ಆ ಋತುವಿನಲ್ಲಿ ಅದೊಂದೇ. ಅವನಿಗೆ ಸಿಕ್ಕ ನಿಮಿಷಗಳನ್ನು ಕ್ಲಬ್ಬು ಎಣಿಸಿ ಕೊಟ್ಟಿತ್ತು. ಆ ನಿಮಿಷಗಳ ಒಳಗೆ ಅವನು ಏನನ್ನೂ ಎಣಿಸಲಿಲ್ಲ.

ಪ್ರತಿಭೆ ಇದ್ದವನನ್ನು ಹೀಗೆ ಕಾಯಿಸಬೇಕೇಕೆ, ಬ್ರೆಜಿಲಿನ ಪೆಲೆ ಹದಿನೇಳನೆಯ ವಯಸ್ಸಿನಲ್ಲಿಯೇ 1958ರ ವಿಶ್ವಕಪ್ಪನ್ನು ಗೆದ್ದು ತರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಗೆದ್ದು ತಂದುದು ನಿಜ. ಆದರೆ ಪೆಲೆಯಂತಹವನು ಹುಟ್ಟುವುದು ಎಷ್ಟು ದಶಕಗಳಿಗೊಮ್ಮೆ? ಅಪವಾದವನ್ನು ನೋಡಿ ನಿಯಮವನ್ನು ಬರೆಯಲಾಗುವುದಿಲ್ಲ. ಹಾಗೆ ಬರೆಯಹೋದ ಒಂದು ಪ್ರಸಂಗವನ್ನು ಅಮೆರಿಕದಲ್ಲಿ ಕಾಣಬಹುದು. ಫ್ರೆಡ್ಡಿ ಅಡು ಎಂಬ ಬಾಲಕನು 2004ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅಲ್ಲಿನ ಅಗ್ರ ಲೀಗಿನಲ್ಲಿ ಆಡಲಾರಂಭಿಸಿದನು. ಅವನನ್ನು ಮುಂದಿನ ಪೆಲೆ ಎಂದು ಕರೆದರು. ಪೆಲೆಯ ಜೊತೆಯಲ್ಲಿಯೇ ಜಾಹೀರಾತಿನಲ್ಲಿ ನಿಲ್ಲಿಸಿದರು. ಮುಂದೆ ಅವನು ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ಅಲೆದನು. ನಿರೀಕ್ಷೆ ಮಾತ್ರ ಈಡೇರಲಿಲ್ಲ. ಆ ಬಾಲಕನ ತಪ್ಪು ಇದರಲ್ಲಿ ಎಷ್ಟಿದ್ದೀತು? ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದವರು ಬೇರೆಯವರು.

ಇಲ್ಲಿ ಸ್ವಲ್ಪ ಹಿಂದಿನ ಕಾಲವನ್ನೂ ನೆನೆಯಬೇಕು. ಮೊದಲ ವರ್ಷವನ್ನು ಬೆಂಚಿನ ಮೇಲೆ ಕಳೆಯುವ ಪದ್ಧತಿ ಈ ಆಟಕ್ಕೆ ಹಳೆಯದೇನೂ ಅಲ್ಲ. ಹಿಂದೆ ಪಂದ್ಯವನ್ನು ಆರಂಭಿಸಿದ ಹನ್ನೊಂದು ಮಂದಿಯೇ ಅದನ್ನು ಮುಗಿಸಬೇಕಾಗಿತ್ತು. ಯಾರಾದರೂ ಗಾಯಗೊಂಡರೆ ಉಳಿದ ಹತ್ತು ಮಂದಿ ಆಡುತ್ತಿದ್ದರು. ವಿಶ್ವಕಪ್ಪಿನಲ್ಲಿ ಬದಲಿ ಆಟಗಾರರಿಗೆ ಅವಕಾಶ ದೊರೆತುದೇ 1970ರಲ್ಲಿ. ಒಂದು ಪಂದ್ಯದಲ್ಲಿ ಐವರನ್ನು ಬದಲಾಯಿಸಬಹುದೆಂಬ ನಿಯಮ ಬಂದುದಂತೂ 2020ರಲ್ಲಿ. ಎಳೆಯನೊಬ್ಬನಿಗೆ ಹತ್ತು ನಿಮಿಷದ ರುಚಿ ತೋರಿಸಿ ಹಿಂದಕ್ಕೆ ಕರೆದುಕೊಳ್ಳುವ ಸೌಕರ್ಯ ಅಂದಿನ ತರಬೇತುದಾರನಿಗೆ ಇರಲಿಲ್ಲ. ಹಾಗಾದರೆ ಅಂದಿನ ಎಳೆಯರು ಎಲ್ಲಿ ಪಳಗುತ್ತಿದ್ದರು?

ಬೆಂಗಳೂರಿನ ಅಹ್ಮದ್ ಖಾನರ ಜೀವನ ಇದಕ್ಕೆ ಉತ್ತರ ಹೇಳುತ್ತದೆ. 1926ರಲ್ಲಿ ಹುಟ್ಟಿದ ಅವರು ಬೆಂಗಳೂರು ಮುಸ್ಲಿಮ್ಸ್ ಎಂಬ ಸ್ಥಳೀಯ ತಂಡದಲ್ಲಿ ಆಡಿ ಬೆಳೆದರು. 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಆಡಿದರು. ಅಲ್ಲಿ ಭಾರತದ ಹೆಚ್ಚಿನ ಆಟಗಾರರು ಬೂಟಿಲ್ಲದೆ, ಬರಿಗಾಲಿನಲ್ಲಿಯೇ ಆಡಿದರೆಂಬುದು ಇಂದಿಗೂ ಕೇಳುವವರನ್ನು ಬೆರಗುಗೊಳಿಸುವ ಸಂಗತಿ. 1949ರಲ್ಲಿ ಅಹ್ಮದ್ ಖಾನರು ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೇ ಮತ್ತು ಅಹ್ಮದ್ ಖಾನ್ ಎಂಬ ಐವರು ಮುಂಪಡೆಯ ಆಟಗಾರರನ್ನು ಕೋಲ್ಕತ್ತದ ಜನ ಪಂಚಪಾಂಡವರೆಂದು ಕರೆದರು. ಆ ಒಂದೇ ವರ್ಷದಲ್ಲಿ ಕ್ಲಬ್ಬು ಕಲ್ಕತ್ತಾ ಲೀಗನ್ನೂ ಐ.ಎಫ್.ಎ. ಶೀಲ್ಡನ್ನೂ ರೋವರ್ಸ್ ಕಪ್ಪನ್ನೂ ಗೆದ್ದಿತು. ದೊಡ್ಡ ಕ್ಲಬ್ಬಿನಲ್ಲಿ ಅಹ್ಮದ್ ಖಾನರ ಮೊದಲ ವರ್ಷದಲ್ಲಿ ಅಳುಕಿನ ಸುಳಿವೇ ಇರಲಿಲ್ಲ. ಆದರೆ ಅವರು ಅಲ್ಲಿಗೆ ಹೋದಾಗ ಇಪ್ಪತ್ತೆರಡು ದಾಟಿತ್ತು; ಹಿಂದೆ ವರ್ಷಗಟ್ಟಲೆ ಬೆಂಗಳೂರಿನ ಮೈದಾನಗಳಲ್ಲಿ ಪೂರ್ತಿ ಪಂದ್ಯಗಳನ್ನು ಆಡಿ ಕಾಲು ಗಟ್ಟಿಯಾಗಿತ್ತು. ತಪ್ಪುವುದು, ಬೀಳುವುದು, ಬೈಸಿಕೊಳ್ಳುವುದು ಎಲ್ಲವೂ ತವರಿನಲ್ಲಿಯೇ ಮುಗಿದುಹೋಗಿತ್ತು.

ಇಂದಿನ ಹುಡುಗನು ಹದಿನೆಂಟಕ್ಕೇ ದೊಡ್ಡ ಕ್ಲಬ್ಬಿಗೆ ಹೋಗುತ್ತಾನೆ. ಅವನ ಬೀಳುವಿಕೆ ಏಳುವಿಕೆಗಳೆಲ್ಲ ದೂರದರ್ಶನದ ಕಣ್ಣೆದುರಿಗೇ ಆಗಬೇಕು. ಇಲ್ಲವೇ ಆಗದೆಯೇ ಹೋಗಬೇಕು. ಇವೆರಡರಲ್ಲಿ ಎರಡನೆಯದು ಹೆಚ್ಚು ಕೆಟ್ಟದು. ಬೆಂಚಿನ ಮೇಲೆ ಕುಳಿತು ನೋಡುವುದರಿಂದ ಕಲಿಯಬಹುದಾದುದು ಬೇಕಾದಷ್ಟಿದೆ. ತನ್ನ ಸ್ಥಾನದಲ್ಲಿ ಆಡುವ ಹಿರಿಯನು ಚೆಂಡು ತನ್ನ ಬಳಿ ಇಲ್ಲದಾಗ ಎಲ್ಲಿ ನಿಲ್ಲುತ್ತಾನೆ, ದಣಿದಾಗ ಯಾವ ಓಟವನ್ನು ಬಿಡುತ್ತಾನೆ, ಯಾವುದನ್ನು ಬಿಡುವುದಿಲ್ಲ ಎಂಬುದನ್ನು ಅಂಚಿನಲ್ಲಿ ಕುಳಿತವನಷ್ಟು ಚೆನ್ನಾಗಿ ಬೇರೆ ಯಾರೂ ನೋಡಲಾರರು. ಆದರೂ ಈಜನ್ನು ದಡದಲ್ಲಿ ಕುಳಿತು ಪೂರ್ತಿಯಾಗಿ ಕಲಿತವರಿಲ್ಲ. ಭಾರತದ ಅಗ್ರ ಲೀಗಿನಲ್ಲಿ 2024–25ರಲ್ಲಿ ಒಂದು ತಂಡಕ್ಕೆ ದೊರೆತ ಲೀಗ್ ಪಂದ್ಯಗಳು 24. ಆಟಗಾರನ ಆಯುಷ್ಯವಾದರೋ ಚಿಕ್ಕದು. ಮೂವತ್ತೈದು ಸಮೀಪಿಸಿತೆಂದರೆ ಬಹುತೇಕ ಆಟಗಾರರು ಬೂಟನ್ನು ತೂಗುಹಾಕುತ್ತಾರೆ. ಅಂತಹ ಆಯುಷ್ಯದಲ್ಲಿ ಪಂದ್ಯವನ್ನೇ ಕಾಣದ ಎರಡು ವರ್ಷಗಳೆಂದರೆ ಅದು ಸಣ್ಣ ನಷ್ಟವಲ್ಲ.

ಇದನ್ನು ಸುನಿಲ್ ಛೆಟ್ರಿಯವರಿಗಿಂತ ಚೆನ್ನಾಗಿ ಅರಿತವರು ಕಡಿಮೆ. ದೆಹಲಿಯ ಸಿಟಿ ಕ್ಲಬ್ಬಿನಿಂದ ಅವರು 2002ರಲ್ಲಿ ಮೋಹನ್ ಬಾಗಾನನ್ನು ಸೇರಿದಾಗ ಹದಿನೆಂಟರ ಆಸುಪಾಸು. ದೇಶದ ಅತ್ಯಂತ ಹಳೆಯ, ಅತ್ಯಂತ ಗೌರವದ ಕ್ಲಬ್ಬುಗಳಲ್ಲಿ ಒಂದು ಅದು. ಅಲ್ಲಿನ ಮೂರು ಋತುಗಳಲ್ಲಿ ಅವರು ಆಡಿದ ಲೀಗ್ ಪಂದ್ಯಗಳು ಕೆಲವೇ. 2005ರಲ್ಲಿ ಅವರು ಪಂಜಾಬಿನ ಜೆ.ಸಿ.ಟಿ. ತಂಡಕ್ಕೆ ಹೋದರು. ಹೆಸರಿನಲ್ಲಿ ಅದು ಮೋಹನ್ ಬಾಗಾನಿಗೆ ಸಾಟಿಯಲ್ಲ. ಆದರೆ ಅಲ್ಲಿ ಆಡುವುದಕ್ಕೆ ಪಂದ್ಯಗಳು ದೊರೆತವು. ಎರಡೇ ವರ್ಷಗಳಲ್ಲಿ, ಎಂದರೆ 2007ರಲ್ಲಿ, ಅವರು ದೇಶದ ವರ್ಷದ ಆಟಗಾರರೆನಿಸಿದರು. 2012ರಲ್ಲಿ ಪೋರ್ಚುಗಲ್ಲಿನ ಪ್ರಸಿದ್ಧ ಸ್ಪೋರ್ಟಿಂಗ್ ಕ್ಲಬ್ಬಿಗೆ ಹೋದಾಗಲೂ ಅವರಿಗೆ ದೊರೆತುದು ಅಲ್ಲಿನ ಎರಡನೆಯ ತಂಡದಲ್ಲಿ ಬೆರಳೆಣಿಕೆಯ ಪಂದ್ಯಗಳು. ಅವರು ವರ್ಷ ತುಂಬುವ ಮೊದಲೇ ಗೋವೆಯ ಚರ್ಚಿಲ್ ಬ್ರದರ್ಸ್ ತಂಡಕ್ಕೆ ಎರವಲಾಗಿ ಬಂದು ಆಡಿದರು. ಆ ತಂಡ ಅದೇ ಋತುವಿನಲ್ಲಿ ಐ-ಲೀಗನ್ನು ಗೆದ್ದಿತು. 2013ರಲ್ಲಿ ಬೆಂಗಳೂರಿಗೆ ಬಂದರು. ಹೊಸದಾಗಿ ಹುಟ್ಟಿದ ಆ ಕ್ಲಬ್ಬು ಮೊದಲ ವರ್ಷದಲ್ಲಿಯೇ ಐ-ಲೀಗ್ ಪ್ರಶಸ್ತಿಯನ್ನು ಪಡೆಯಿತು. ದೊಡ್ಡ ಹೆಸರಿನ ಬೆಂಚಿಗಿಂತ ಸಣ್ಣ ಹೆಸರಿನ ಮೈದಾನವೇ ಲೇಸೆಂದು ಎರಡು ಸಲ ತೀರ್ಮಾನಿಸಿದವರ ಕಥೆ ಇದು.

ಆದುದರಿಂದ ಎಳೆಯರನ್ನು ಕಾಯಿಸುವ ಕ್ಲಬ್ಬಿಗೆ ಒಂದು ಕರ್ತವ್ಯವೂ ಇದೆ. ಕಾಯುವ ಹುಡುಗನಿಗೆ ಬೇರೆ ಕಡೆಯಲ್ಲಾದರೂ ಪೂರ್ತಿ ಪಂದ್ಯಗಳನ್ನು ಒದಗಿಸಬೇಕು. ಈ ಕೆಲಸ ನಮ್ಮಲ್ಲಿ ತಡವಾಗಿಯಾದರೂ ಆರಂಭವಾಗಿದೆ. 2022ರಲ್ಲಿ ಕಿರಿಯ ಆಟಗಾರರಿಗೆಂದೇ ಒಂದು ರಾಷ್ಟ್ರೀಯ ಲೀಗು ಹುಟ್ಟಿತು. ಅದರ ಮೊದಲ ಪ್ರಶಸ್ತಿ ಬೆಂಗಳೂರಿನ ಕಿರಿಯರದಾಯಿತು. ತಮಿಳುನಾಡಿನಿಂದ ಬಂದ ಶಿವಶಕ್ತಿ ನಾರಾಯಣನ್ ಎಂಬ ತರುಣನು ಆ ತಂಡದಲ್ಲಿ ಆಡಿದ್ದನು. ಹಿರಿಯರ ತಂಡದಲ್ಲಿ ಅವನ ಮೊದಲ ವರ್ಷ ಹೆಚ್ಚು ಸದ್ದಿಲ್ಲದೆ ಕಳೆದಿತ್ತು. ಅದೇ 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯ ನಡೆದಾಗ ಬೆಂಗಳೂರಿನ ಮೊದಲ ಗೋಲನ್ನು ಅವನೇ ಹೊಡೆದನು. ತಂಡವು ಮುಂಬಯಿ ತಂಡವನ್ನು 2–1ರಿಂದ ಸೋಲಿಸಿತು. 2022–23ರ ಲೀಗಿನಲ್ಲಿ ಉದಯೋನ್ಮುಖ ಆಟಗಾರನೆಂಬ ಪ್ರಶಸ್ತಿಯೂ ಅವನಿಗೆ ಬಂತು. ಅವನನ್ನು ಕಾಯಿಸಿದ್ದರು, ಆದರೆ ಬರಿದೇ ಕೂರಿಸಿರಲಿಲ್ಲ.

ಇನ್ನು ಹುಡುಗನ ಕಾಲಿಗಿಳಿಯುವ ಎಚ್ಚರದ ವಿಷಯ. ಅದನ್ನು ಗುರುತಿಸುವುದು ಸುಲಭವಲ್ಲ, ಏಕೆಂದರೆ ಅದು ಸದ್ಗುಣದ ವೇಷದಲ್ಲಿ ಬರುತ್ತದೆ. ಚೆಂಡು ಬಂದೊಡನೆ ಅವನು ಅದನ್ನು ಅತ್ಯಂತ ಸಮೀಪದಲ್ಲಿರುವ ಜೊತೆಗಾರನಿಗೆ ಅಡ್ಡವಾಗಿಯೋ ಹಿಂದಕ್ಕೋ ಕೊಟ್ಟುಬಿಡುತ್ತಾನೆ. ಎದುರಾಳಿಯನ್ನು ತಪ್ಪಿಸಿ ಮುನ್ನುಗ್ಗಲು ಎಡೆಯಿದ್ದರೂ ನುಗ್ಗುವುದಿಲ್ಲ. ಗೋಲಿಗೆ ಹೊಡೆಯಬಹುದಾದಲ್ಲಿ ಹಿರಿಯನನ್ನು ಹುಡುಕುತ್ತಾನೆ. ಅವನ ಲೆಕ್ಕದಲ್ಲಿ ತಪ್ಪುಗಳೇ ಇರುವುದಿಲ್ಲ. ತರಬೇತುದಾರನು ಬೈಯುವುದಿಲ್ಲ, ಪ್ರೇಕ್ಷಕರು ಕೂಗುವುದಿಲ್ಲ, ಪತ್ರಿಕೆಯವರು ಬರೆಯುವುದಿಲ್ಲ. ಋತು ಮುಗಿಯುವ ಹೊತ್ತಿಗೆ ಅವನು ತಂಡದಲ್ಲಿದ್ದನೆಂಬುದೇ ಯಾರಿಗೂ ನೆನಪಿರುವುದಿಲ್ಲ. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತದ ವಿದ್ಯಾರ್ಥಿಯನ್ನು ನೋಡಿದವರಿಗೆ ಈ ಹುಡುಗನ ಗುರುತು ಹತ್ತೀತು. ತಪ್ಪು ಹೇಳಿದವನನ್ನು ಗುರುಗಳು ತಿದ್ದುತ್ತಾರೆ. ಹೇಳದೆಯೇ ಉಳಿದವನನ್ನು ತಿದ್ದುವುದು ಹೇಗೆ?

ಆದರೆ ಆ ಹುಡುಗನನ್ನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಅವನ ಕಾಲಿಗೆ ಭಯವನ್ನು ಕಟ್ಟಿದವರು ಬೇರೆ. ಒಂದು ಚೆಂಡು ತಪ್ಪಿದಾಗ ಛೀ ಎನ್ನುವ ಪ್ರೇಕ್ಷಕ, ಒಂದು ಗೋಲ್ ಹೊಡೆದಾಗ ದೇವರನ್ನಾಗಿ ಮಾಡುವ ಪತ್ರಿಕೆ, ಸೋತ ರಾತ್ರಿ ಕೈಯಲ್ಲಿನ ಫೋನಿನಿಂದ ಅವನ ತಂದೆತಾಯಿಗಳವರೆಗೂ ಬಯ್ಗುಳ ಕಳಿಸುವ ಅಭಿಮಾನಿ, ಇವರೆಲ್ಲರ ಪಾಲೂ ಅದರಲ್ಲಿದೆ. ಈ ಮೂರನೆಯವನ ಕೇಡು ಹೊಸದು, ಎಲ್ಲಕ್ಕಿಂತ ಕ್ರೂರವಾದುದು. ಹಣ ಕೊಟ್ಟು ಟಿಕೀಟು ಕೊಂಡವನಿಗೆ ಆಟವನ್ನು ಟೀಕಿಸುವ ಹಕ್ಕುಂಟು. ಹತ್ತೊಂಬತ್ತರ ಹುಡುಗನ ಮನೆಬಾಗಿಲನ್ನು ಬಡಿಯುವ ಹಕ್ಕಿಲ್ಲ.

ಮನೆಯವರ ಎಚ್ಚರ ಬೇರೊಂದು ಬಗೆಯದು. ಮಗನು ಆಟವನ್ನೇ ನೆಚ್ಚಿ ಓದನ್ನು ಬಿಟ್ಟರೆ ಗತಿಯೇನೆಂದು ಅವರು ಹೆದರಿದರೆ ಅದನ್ನು ಅಜ್ಞಾನವೆಂದು ನಗುವಂತಿಲ್ಲ. 2025ರಲ್ಲಿ, ಲೀಗನ್ನು ನಡೆಸುವ ಒಪ್ಪಂದದ ಗೊಂದಲದಿಂದಾಗಿ ಭಾರತದ ಅಗ್ರ ಲೀಗು ಎಂದಿನಂತೆ ಸೆಪ್ಟೆಂಬರಿನಲ್ಲಿ ಆರಂಭವಾಗಲೇ ಇಲ್ಲ. ಆ ವರ್ಷದ ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ತನ್ನ ಹಿರಿಯರ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿದಿರುವುದಾಗಿ ಪ್ರಕಟಿಸಿತು. ಹಿರಿಯ ಆಟಗಾರನು ಅಂತಹ ತಿಂಗಳುಗಳನ್ನು ಕೂಡಿಟ್ಟ ಹಣದಿಂದ ದಾಟಬಲ್ಲನು. ಮೊದಲ ವರ್ಷದ ಹುಡುಗನ ಬಳಿ ಕೂಡಿಟ್ಟುದು ಏನಿದ್ದೀತು? ಹಾಗೆಂದು ಬೂಟನ್ನು ಕಿತ್ತು ಅಟ್ಟದ ಮೇಲೆ ಎಸೆಯಬೇಕಾಗಿಲ್ಲ. ಬೆಳಗ್ಗೆ ಅಭ್ಯಾಸ, ಹಗಲಿಗೆ ಕಾಲೇಜು ಎಂಬ ಏರ್ಪಾಟು ಅಸಾಧ್ಯವಾದುದಲ್ಲ. ಪರೀಕ್ಷೆಯ ದಿನಗಳಲ್ಲಿ ಎಳೆಯ ಆಟಗಾರನಿಗೆ ಬಿಡುವು ಕೊಡುವುದನ್ನು ಪ್ರತಿಯೊಂದು ಕ್ಲಬ್ಬೂ ತನ್ನ ಕರಾರಿನಲ್ಲಿಯೇ ಬರೆಯುವಂತಾಗಬೇಕು. ಇದು ದಯೆಯ ಮಾತಲ್ಲ, ಲೆಕ್ಕದ ಮಾತು. ಆಟ ಕೈಬಿಟ್ಟರೂ ಬದುಕು ಕೈಬಿಡದೆಂಬ ನಂಬಿಕೆಯಿದ್ದವನೇ ಮೈದಾನದಲ್ಲಿ ಅಂಜದೆ ಆಡಬಲ್ಲನು.

ಕಂಠೀರವದ ದೀಪಗಳ ಕೆಳಗೆ ನಡೆಯುವ ಪಂದ್ಯಗಳನ್ನು ನೋಡುವವರಲ್ಲಿ ಕೆಲವರಾದರೂ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣಕ್ಕೆ ಒಂದು ಮಧ್ಯಾಹ್ನ ಹೋಗಿಬರಬೇಕು. ಜಿಲ್ಲಾ ಮಟ್ಟದ ಸೂಪರ್ ಡಿವಿಷನ್ ಲೀಗಿನ ಪಂದ್ಯಗಳು ನಡೆದಿರುವುದು ಅಲ್ಲಿ. ಬೆಂಗಳೂರು ಕ್ಲಬ್ಬಿನ ಎರಡನೆಯ ತಂಡವೂ ಆ ಲೀಗಿನಲ್ಲಿ ಆಡಿದೆ. ಇಂತಹ ಪಂದ್ಯಗಳಿಗೆ ನೂಕುನುಗ್ಗಲಿಲ್ಲ, ನೀಲಿ ಬಾವುಟಗಳಿಲ್ಲ. ಮೆಟ್ಟಲುಗಳ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು, ಆಟಗಾರರ ಮನೆಯವರು, ಹಳೆಯ ಆಟಗಾರರು ಕುಳಿತಿರುತ್ತಾರೆ. ಹುಡುಗನೊಬ್ಬನು ಇಬ್ಬರ ನಡುವಿನಿಂದ ಚೆಂಡನ್ನು ಸಾಗಿಸಲು ಹೋಗಿ ಕಳೆದುಕೊಳ್ಳುತ್ತಾನೆ. ಅಂಚಿನಲ್ಲಿ ನಿಂತ ತರಬೇತುದಾರನು ಏನನ್ನೂ ಹೇಳುವುದಿಲ್ಲ. ಐದು ನಿಮಿಷದ ಬಳಿಕ ಚೆಂಡು ಮತ್ತೆ ಅದೇ ಹುಡುಗನ ಕಾಲಿಗೆ ಬರುತ್ತದೆ. ಎದುರಿಗೆ ಮತ್ತೆ ಅದೇ ಇಬ್ಬರು. ಅವನು ಮತ್ತೆ ಅವರ ನಡುವಿನಿಂದಲೇ ಹೋಗಲು ನೋಡುತ್ತಾನೆ.